ಪುದೀನ ನೆಡೋದು ಸುಲಭ, ವರ್ಷಗಟ್ಲೆ ಉಳಿಸ್ಕೊಳ್ಳೋದು ಹೀಗೆ

"ಪುದೀನ ಹಾಕಿದ್ವಿ, ಮೊದ್ಲು ಮೂರು ತಿಂಗಳು ಬಾಳ ಚೆನ್ನಾಗ್ ಬಂತು, ಆಮೇಲೆ ಬರೀ ಕಡ್ಡಿ ಉಳೀತು." ಈ ಮಾತನ್ನ ಎಷ್ಟು ಜನರ ಬಾಯಲ್ಲಿ ಕೇಳಿದೀನೋ ಲೆಕ್ಕ ಇಲ್ಲ. ನೆಡೋದು ಎಲ್ರಿಗೂ ಗೊತ್ತು, ಮಾರ್ಕೆಟ್ಟಿಂದ ತಂದ ಕಟ್ಟಲ್ಲಿ ನಾಲ್ಕು ಕಡ್ಡಿ ಮಣ್ಣಿಗೆ ಚುಚ್ಚಿದ್ರೆ ಬಂದ್ಬಿಡತ್ತೆ. ಅದನ್ನ ವರ್ಷಗಟ್ಲೆ ಉಳಿಸ್ಕೊಳ್ಳೋದು ಹೇಗೆ ಅನ್ನೋದನ್ನ ಮಾತ್ರ ಯಾರೂ ಹೇಳ್ಕೊಡಲ್ಲ. ಅದಕ್ಕೇ ಇಲ್ಲಿ ನೆಡೋದರ ಬಗ್ಗೆ ಎಷ್ಟು ಬೇಕೋ ಅಷ್ಟು ಬರೀತೀನಿ, ಕೊಯ್ಯೋದು ಮತ್ತೆ ಬೇರು ಬಿಡಿಸಿ ಹೊಸದಾಗಿ ನೆಡೋದರ ಬಗ್ಗೆ ಸ್ವಲ್ಪ ವಿವರವಾಗೇ ಬರೀತೀನಿ, ಯಾಕಂದ್ರೆ ಕೈ ಕೊಡೋದು ಅಲ್ಲೇ.

ನನ್ನ ತವರು ಹಾಸನದ ಕಡೆ. ಹಿತ್ತಲಲ್ಲಿ ಬಚ್ಚಲ ನೀರು ಹರಿದು ಹೋಗೋ ಕಾಲುವೆ ಪಕ್ಕ ಪುದೀನ ಇತ್ತು. ಅಮ್ಮ ಅದಕ್ಕೆ ಗೊಬ್ಬರ ಹಾಕಿದ್ದಾಗ್ಲಿ ಪಾತಿ ಮಾಡಿದ್ದಾಗ್ಲಿ ನಾನು ನೋಡೇ ಇಲ್ಲ, ವಾರಕ್ಕೆ ಎರಡು ಸಲ ಹೋಗಿ ಒಂದು ಹಿಡಿ ಚಿವುಟ್ಕೊಂಡು ಬರ್ತಿದ್ರು ಅಷ್ಟೇ. ಆದ್ರೆ ಒಂದು ವಿಷ್ಯ ನಂಗೆ ಚೆನ್ನಾಗಿ ನೆನಪಿದೆ, ಆ ಪುದೀನ ಒಂದೇ ಜಾಗದಲ್ಲಿ ಇರ್ತಿರ್ಲಿಲ್ಲ. ಈ ವರ್ಷ ಬಟ್ಟೆ ಒಗೆಯೋ ಕಲ್ಲಿನ ಬುಡದಲ್ಲಿ ದಟ್ಟವಾಗಿದ್ರೆ ಮುಂದಿನ ವರ್ಷ ಅಲ್ಲಿ ಏನೂ ಇರ್ತಿರ್ಲಿಲ್ಲ, ನಾಲ್ಕಡಿ ಆಚೆ ಬಾಳೆಗಿಡದ ಹತ್ರ ಹಸಿರಾಗಿ ನಿಂತಿರೋದು. ಮದುವೆಯಾಗಿ ಮೈಸೂರಿಗೆ ಬಂದು, ಟೆರೇಸ್ ಮೇಲೆ ಕುಂಡದಲ್ಲಿ ಪುದೀನ ಹಾಕಿ, ಎರಡು ಸಲ ಅದು ಒಣಗಿ ಹೋದ್ಮೇಲೆ ಈ ನೆನಪಿನ ಅರ್ಥ ನಂಗೆ ಗೊತ್ತಾಯ್ತು. ಪುದೀನ ನಡೆಯೋ ಗಿಡ. ಮಣ್ಣಿನ ಮೇಲೂ ಒಳಗೂ ಬಳ್ಳಿ ಬಿಟ್ಕೊಂಡು ಹೊಸ ಮಣ್ಣು ಹುಡುಕ್ಕೊಂಡು ಹೋಗತ್ತೆ, ಹಳೆ ಬುಡ ಸಾಯತ್ತೆ. ಕುಂಡದಲ್ಲಿ ಅದಕ್ಕೆ ಹೋಗೋಕೆ ಜಾಗ ಇಲ್ಲ, ಆದ್ದರಿಂದ ವರ್ಷಕ್ಕೊಂದು ಸಲ ನಾವೇ ಅದನ್ನ ನಡೆಸಬೇಕು. ಇದೊಂದು ಮನಸ್ಸಲ್ಲಿಟ್ಕೊಂಡ್ರೆ ಉಳಿದಿದ್ದೆಲ್ಲ ಸಲೀಸು.

ಮೊದ್ಲು, ಯಾವ ಪುದೀನ ಅಂತ ತಿಳ್ಕೊಳ್ಳಿ

ನಮ್ಮ ಸೊಪ್ಪಿನ ಅಂಗಡೀಲಿ ಸಿಗೋ ಪುದೀನ ಹೆಚ್ಚಾಗಿ ಸ್ಪಿಯರ್‌ಮಿಂಟೇ. ಎಲೆ ತುದಿ ಈಟಿ ಥರ ಚೂಪಾಗಿರತ್ತೆ, ಅಂಚು ಗರಗಸದ ಹಲ್ಲಿನ ಹಾಗೆ, ಎಲೆ ಮೇಲೆ ಗೆರೆಗೆರೆಯಾಗಿ ಸುಕ್ಕು, ತೊಟ್ಟು ಇಲ್ಲವೇ ಇಲ್ಲ ಅನ್ನೋಷ್ಟು ಚಿಕ್ಕದು. ಕಡ್ಡಿಯನ್ನ ಎರಡು ಬೆರಳ ಮಧ್ಯೆ ಉರುಳಿಸಿ ನೋಡಿ, ದುಂಡಗಿರಲ್ಲ, ನಾಲ್ಕು ಮೂಲೆ ಕೈಗೆ ಸಿಗತ್ತೆ. ತುಳಸಿ, ದೊಡ್ಡಪತ್ರೆ ಎಲ್ಲ ಇದೇ ಕುಟುಂಬ. ಪೆಪ್ಪರ್‌ಮಿಂಟ್ ಬೇರೆ, ಅದು ಸ್ಪಿಯರ್‌ಮಿಂಟ್ ಮತ್ತೆ ನೀರಲ್ಲಿ ಬೆಳೆಯೋ ಇನ್ನೊಂದು ಜಾತಿ ಸೇರಿ ಹುಟ್ಟಿದ ಮಿಶ್ರತಳಿ, ಅದರಲ್ಲಿ ಮೆಂಥಾಲ್ ಜಾಸ್ತಿ, ಬಾಯಿಗಿಟ್ರೆ ತಣ್ಣಗೆ ಕೊರೆಯತ್ತೆ. ನೋವಿನ ಮುಲಾಮು, ಕೆಮ್ಮಿನ ಮಿಠಾಯಿಗೆ ಹೋಗೋ ಮೆಂಥಾಲ್ ಬರೋದು ಉತ್ತರ ಪ್ರದೇಶದ ಬಾರಾಬಂಕಿ ಕಡೆ ಎಕರೆಗಟ್ಲೆ ಬೆಳೆಯೋ ಮತ್ತೊಂದು ಜಾತಿಯಿಂದ. ಅಡುಗೆಗೆ ನಮ್ಮ ಸ್ಪಿಯರ್‌ಮಿಂಟೇ ಸರಿ, ಯಾಕಂದ್ರೆ ಅದರ ಪರಿಮಳದ ಮುಖ್ಯ ಅಂಶ ಮೆಂಥಾಲ್ ಅಲ್ಲ, ಕಾರ್ವೋನ್ ಅನ್ನೋದು, ಅದಕ್ಕೆ ಒಂಥರಾ ಸಿಹಿ ವಾಸನೆ, ಅನ್ನಕ್ಕೂ ಚಟ್ನಿಗೂ ಹೊಂದ್ಕೊಳ್ಳತ್ತೆ. ಇದರಲ್ಲಿ ನಂಗೆ ತುಂಬ ಇಷ್ಟವಾದ ಸಂಗತಿ ಏನಂದ್ರೆ, ಸಬ್ಬಸಿಗೆ ಬೀಜದಲ್ಲಿ ಇರೋದೂ ಕಾರ್ವೋನೇ, ಆದ್ರೆ ಅಣುವಿನ ಆಕಾರ ಕನ್ನಡೀಲಿ ಕಂಡ ಹಾಗೆ ತಿರುಗುಮುರುಗು, ನಮ್ಮ ಎಡಗೈ ಬಲಗೈ ಇದ್ದ ಹಾಗೆ. ಅಷ್ಟೇ ವ್ಯತ್ಯಾಸಕ್ಕೆ ಮೂಗಿಗೆ ಎರಡೂ ಬೇರೆ ಬೇರೆ ವಾಸನೆ!

ಕಡ್ಡಿ ಆರಿಸೋದು

ಬೀಜದ ಪ್ಯಾಕೆಟ್ ತಗೊಂಡು ದುಡ್ಡು ಹಾಳು ಮಾಡ್ಬೇಡಿ. ಪುದೀನ ಬೀಜ ಸಾಸಿವೆಗಿಂತ ತುಂಬ ಸಣ್ಣದು, ಮೊಳಕೆ ಬರೋದು ನಿಧಾನ, ಬಂದ ಗಿಡಕ್ಕೆ ತಾಯಿ ಗಿಡದ ವಾಸನೆ ಇರತ್ತೆ ಅಂತ ಗ್ಯಾರಂಟಿನೂ ಇಲ್ಲ. ಕಡ್ಡಿಯಿಂದ ಮಾಡಿದ್ರೆ ತಾಯಿ ಹೇಗೋ ಮಗು ಹಾಗೇ.

ಸೊಪ್ಪಿನವರ ಹತ್ರ ಕಟ್ಟು ಆರಿಸೋವಾಗ ಒಂದು ಎಲೆ ಉಜ್ಜಿ ಮೂಸಿ ನೋಡಿ, ವಾಸನೆ ಸಪ್ಪೆ ಇದ್ರೆ ಅಲ್ಲೇ ಬಿಡಿ. ಬೇರು ಸಮೇತ ಕಿತ್ತ ಕಟ್ಟು ಸಿಕ್ಕಿದ್ರೆ ಅದೃಷ್ಟ, ಅದನ್ನ ನೀರಲ್ಲೂ ಇಡೋದು ಬೇಡ, ನೇರ ಮಣ್ಣಿಗೇ ಹಾಕ್ಬಹುದು. ಬೇರಿಲ್ದಿದ್ರೆ ಪೆನ್ಸಿಲ್ಲಿನ ಅರ್ಧ ದಪ್ಪದ, ತೀರ ಎಳೇದೂ ಅಲ್ಲದ ತೀರ ಬಲಿತು ಕಂದು ಬಣ್ಣ ತಿರುಗಿದ್ದೂ ಅಲ್ಲದ ಕಡ್ಡಿ ಆರಿಸ್ಕೊಳ್ಳಿ. ತುದಿ ಕುಡಿ ಬಾಡಿ ತಲೆ ಬಗ್ಗಿಸಿದ್ದಕ್ಕೆ ಬೇರು ಬರೋದು ಕಷ್ಟ. ಸಂಜೆ ಹೊತ್ತಿಗೆ ಉಳಿದ ಕಟ್ಟಿಗಿಂತ ಬೆಳಿಗ್ಗೆ ಬಂದ ಕಟ್ಟು ವಾಸಿ.

ಬೇರು ಬರಿಸೋದು

ನಾಲ್ಕೈದು ಇಂಚು ಉದ್ದಕ್ಕೆ ಕತ್ತರಿಸಿ. ಎಲೆ ಹುಟ್ಟೋ ಜಾಗ ಇದ್ಯಲ್ಲ, ಗೆಣ್ಣು, ಅದರ ಸ್ವಲ್ಪ ಕೆಳಗೆ ಕತ್ತರಿ ಹಾಕ್ಬೇಕು, ಯಾಕಂದ್ರೆ ಬೇರು ಮೊದ್ಲು ಒಡೆಯೋದು ಆ ಗೆಣ್ಣಿಂದ್ಲೇ. ಕೆಳಗಿನ ಎರಡು ಗೆಣ್ಣಿನ ಎಲೆ ಪೂರ್ತಿ ತೆಗೀರಿ, ಮೇಲೆ ನಾಲ್ಕೋ ಆರೋ ಎಲೆ ಸಾಕು, ಜಾಸ್ತಿ ಎಲೆ ಬಿಟ್ರೆ ಬೇರಿಲ್ಲದ ಕಡ್ಡಿ ಅಷ್ಟಕ್ಕೂ ನೀರು ಒದಗಿಸೋಕಾಗ್ದೆ ಬಾಡತ್ತೆ. ಒಂದು ಗಾಜಿನ ಲೋಟದಲ್ಲಿ ಎರಡು ಇಂಚು ನೀರು ಹಾಕಿ, ಕಡ್ಡಿ ಇಟ್ಟು, ಅಡುಗೆಮನೆ ಕಿಟಕಿ ಹತ್ರ ಬೆಳಕಿರೋ ಆದ್ರೆ ಬಿಸಿಲು ನೇರ ಬೀಳದ ಕಡೆ ಇಡಿ. ಎಲೆ ನೀರಲ್ಲಿ ಮುಳುಗಬಾರ್ದು, ಮುಳುಗಿದ್ರೆ ಕೊಳೆತು ಲೋಟವೆಲ್ಲ ನಾರತ್ತೆ. ಎರಡು ದಿನಕ್ಕೊಂದ್ಸಲ ನೀರು ಬದಲಾಯಿಸಿ.

ನಾಲ್ಕೈದನೇ ದಿನ ಗೆಣ್ಣಿನ ಸುತ್ತ ಬಿಳಿ ಚುಕ್ಕೆ ಥರ ಉಬ್ಬು ಕಾಣೋಕೆ ಶುರುವಾಗತ್ತೆ, ವಾರ ಹತ್ತು ದಿನದಲ್ಲಿ ಬಿಳಿ ನೂಲಿನಂಥ ಬೇರು ಇಳೀತವೆ. ಬೇರು ಒಂದು ಇಂಚು ಆದ ತಕ್ಷಣ ಮಣ್ಣಿಗೆ ಹಾಕ್ಬಿಡಿ. ಚಂದ ಕಾಣತ್ತೆ ಅಂತ ತಿಂಗಳುಗಟ್ಲೆ ನೀರಲ್ಲೇ ಬಿಡ್ತಾರೆ ಕೆಲವ್ರು, ನೀರಲ್ಲಿ ಬೆಳೆದ ಉದ್ದ ಬೇರು ಮಣ್ಣಿಗೆ ಒಗ್ಗಿಕೊಳ್ಳೋಕೆ ಒದ್ದಾಡತ್ತೆ, ಹಾಕಿದ್ಮೇಲೆ ಸೊರಗತ್ತೆ.

ಕುಂಡ ಮತ್ತೆ ಮಣ್ಣು

ಪುದೀನಕ್ಕೆ ಆಳ ಬೇಡ, ಅಗಲ ಬೇಕು. ಎಂಟು ಇಂಚು ಆಳ ಇದ್ರೆ ಧಾರಾಳ, ಅಗಲ ಮಾತ್ರ ಒಂದಡಿಗಿಂತ ಕಮ್ಮಿ ಬೇಡ, ಇನ್ನೂ ಜಾಸ್ತಿ ಇದ್ರೆ ಇನ್ನೂ ಒಳ್ಳೇದು. ನರ್ಸರೀಲಿ ಗುಲಾಬಿಗೆ ಕೊಡೋ ಎತ್ತರದ ಕುಂಡದಲ್ಲಿ ಹಾಕಿದ್ರೆ ಕೆಳಗಿನ ಅರ್ಧ ಮಣ್ಣು ಸುಮ್ನೆ ಒದ್ದೆಯಾಗಿ ಕೂತಿರತ್ತೆ. ನಾನು ಬಳಸೋದು ಹಳೆ ಪ್ಲಾಸ್ಟಿಕ್ ಟಬ್, ಬಟ್ಟೆ ನೆನೆಸೋಕೆ ಇಟ್ಕೊಂಡಿದ್ದು, ಅಂಚು ಸೀಳಿತ್ತು. ತಳದಲ್ಲಿ ಕಾಯಿಸಿದ ಕಬ್ಬಿಣದ ಕಡ್ಡೀಲಿ ಹತ್ತು ಹನ್ನೆರಡು ತೂತು ಮಾಡಿದೀನಿ. ತೂತಿನ ವಿಷ್ಯದಲ್ಲಿ ಜಿಪುಣತನ ಬೇಡ, ಪುದೀನಕ್ಕೆ ನೀರು ಇಷ್ಟ ನಿಜ, ಆದ್ರೆ ನಿಂತ ನೀರಲ್ಲಿ ಬೇರು ಕೊಳೆಯತ್ತೆ. ಬಚ್ಚಲ ಪಕ್ಕ ಚೆನ್ನಾಗಿ ಬರತ್ತಲ್ಲ ಅಂತೀರಾ, ಅಲ್ಲಿ ನೀರು ಹರಿದು ಹೋಗತ್ತೆ, ನಿಲ್ಲಲ್ಲ. (ಮನೇಲಿ ಬಚ್ಚಲ ನೀರು ಬಿಡೋ ಆಲೋಚನೆ ಇದ್ರೆ ಸೋಪು, ಡಿಟರ್ಜೆಂಟ್ ಬೆರೆತ ನೀರು ಬೇಡ್ವೇ ಬೇಡ. ತಿನ್ನೋ ಸೊಪ್ಪು, ಹಸಿಯಾಗೇ ಅರೀತೀವಿ. ಅಕ್ಕಿ ಬೇಳೆ ತೊಳೆದ ನೀರು ಹಾಕಿ, ತೊಂದ್ರೆ ಇಲ್ಲ.)

ಮಣ್ಣಿಗೆ ಲೆಕ್ಕ ಹೀಗೆ: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇಲ್ಲ ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ, ಇಟ್ಟಿಗೆ ಥರ ಒತ್ತಿ ಮಾರ್ತಾರೆ), ಜೊತೆಗೆ ಟಬ್ಬಿಗೆ ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ಇಟ್ಟಿಗೇನ ನೆನೆಸಿದ್ಮೇಲೆ ಒಂದೆರಡು ಸಲ ನೀರಲ್ಲಿ ಜಾಲಾಡಿ ಹಿಂಡಿ, ಅದರಲ್ಲಿ ಉಪ್ಪಿನಂಶ ಇರತ್ತೆ. ಹಸಿ ಸಗಣಿ ಹಾಕ್ಬೇಡಿ, ಬಿಸಿಗೆ ಬೇರು ಸುಡತ್ತೆ, ಹುಳನೂ ಆಗತ್ತೆ. ಮಣ್ಣು ಕುಂಡದ ಬಾಯಿಗಿಂತ ಒಂದೂವರೆ ಇಂಚು ಕೆಳಗೆ ನಿಲ್ಲಲಿ, ಆ ಜಾಗ ಆಮೇಲೆ ಬೇಕಾಗತ್ತೆ.

ನೆಲದಲ್ಲೇ ಹಾಕೋರಿಗೆ ಒಂದು ಮಾತು. ಜಾಗ ಧಾರಾಳವಾಗಿದ್ರೆ ಬಿಟ್ಬಿಡಿ, ಅದರ ಪಾಡಿಗೆ ಅದು ಓಡಾಡ್ಕೊಂಡಿರಲಿ. ತರಕಾರಿ ಮಡಿ ಪಕ್ಕ ಆದ್ರೆ ಮಾತ್ರ ತಳ ಕತ್ತರಿಸಿದ ಬಕೆಟ್ಟನ್ನ ಮಣ್ಣಲ್ಲಿ ಹೂತು, ಅಂಚು ಎರಡು ಇಂಚು ಮೇಲೆ ಕಾಣೋ ಹಾಗೆ ಬಿಟ್ಟು, ಅದರೊಳಗೆ ನೆಡಿ. ಇಲ್ದಿದ್ರೆ ಒಂದು ಮಳೆಗಾಲ ಕಳೆಯೋದ್ರೊಳಗೆ ಕೊತ್ತಂಬರಿ ಮಡೀಲೂ ಮೂಲಂಗಿ ಮಧ್ಯದಲ್ಲೂ ಪುದೀನನೇ.

ನೆಡೋದು ಸಂಜೆ ಹೊತ್ತು. ಕಡ್ಡಿಯಿಂದ ಕಡ್ಡಿಗೆ ನಾಲ್ಕು ಬೆರಳು ಜಾಗ ಬಿಟ್ಟು, ಎರಡು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ನೆಟ್ಟು, ಸುತ್ತ ಮೆಲ್ಲಗೆ ಒತ್ತಿ, ನೀರು ಕೊಟ್ಟು ಒಂದು ವಾರ ನೆರಳಲ್ಲಿಡಿ.

ಬಿಸಿಲು, ನೀರು

ಇದು ಊರಿಂದ ಊರಿಗೆ ಬೇರೆ. ಮೈಸೂರು, ಬೆಂಗಳೂರು, ಹಾಸನದಂಥ ಕಡೆ ಬೆಳಗಿನ ಬಿಸಿಲು ನಾಲ್ಕು ಗಂಟೆ ಬಿದ್ರೆ ಗಿಡಕ್ಕೆ ಸುಖ, ಪೂರ್ವ ದಿಕ್ಕಿನ ಬಾಲ್ಕನಿ ಇದ್ರೆ ಬೇರೇನೂ ಬೇಡ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವ್ರು ಮಾರ್ಚಿಂದ ಮಳೆ ಬೀಳೋವರೆಗೆ ಮಧ್ಯಾಹ್ನದ ಬಿಸಿಲು ತೋರಿಸ್ಲೇಬೇಡಿ, ಶೇಡ್ ನೆಟ್ ಇಲ್ಲ ದೊಡ್ಡ ಗಿಡದ ಮರೆ ಬೇಕು, 40 ಡಿಗ್ರಿ ಮೇಲೆ ಹೋದಾಗ ಎಲೆ ಅಂಚು ಸುಟ್ಟ ಹಾಗಾಗತ್ತೆ. ಕರಾವಳಿ, ಮಲೆನಾಡಲ್ಲಿ ಕಷ್ಟ ಬಿಸಿಲಿಂದ ಅಲ್ಲ, ಜೂನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಕುಂಡ ಎತ್ತಿ ಸೂರಿನ ಕೆಳಗೆ ಇಟ್ಬಿಡಿ, ಇಟ್ಟಿಗೆ ಮೇಲೆ ಇಟ್ರೆ ತಳದ ತೂತು ಮುಚ್ಚಿಕೊಳ್ಳಲ್ಲ.

ನೀರು ದಿನಾ ಹಾಕ್ಬೇಕಾ ಅಂತ ಕೇಳ್ತಾರೆ. ಬೆರಳು ಮಣ್ಣಿಗೆ ಒಂದು ಗೆರೆ ಆಳ ಇಳಿಸಿ, ಒಣಗಿದ್ರೆ ಹಾಕಿ, ಒದ್ದೆ ಇದ್ರೆ ಬಿಡಿ. ಬೇಸಿಗೇಲಿ ಟೆರೇಸ್ ಮೇಲಿನ ಟಬ್ಬಿಗೆ ದಿನಕ್ಕೆರಡು ಸಲನೂ ಬೇಕಾಗ್ಬಹುದು, ಡಿಸೆಂಬರಲ್ಲಿ ಮೂರು ದಿನಕ್ಕೊಂದ್ಸಲ ಸಾಕಾಗ್ಬಹುದು. ಬೆಳಿಗ್ಗೆ ಬುಡಕ್ಕೆ ಹಾಕಿ. ರಾತ್ರಿಯೆಲ್ಲ ಎಲೆ ಒದ್ದೆ ಇದ್ರೆ ರೋಗ ಹತ್ತೋದು ಸುಲಭ. ಕುಂಡದ ಕೆಳಗೆ ತಟ್ಟೆ ಇಟ್ಟೋರು ಅದರಲ್ಲಿ ನಿಂತ ನೀರು ಚೆಲ್ಲಿ, ಸೊಳ್ಳೆ ತಾಪತ್ರಯನೂ ತಪ್ಪತ್ತೆ.

ಕೊಯ್ಯೋದು, ಇಲ್ಲಿ ಧೈರ್ಯ ಬೇಕು

ಹೊಸದಾಗಿ ಹಾಕಿದವ್ರು ಗಿಡದ ಮೇಲಿನ ಪ್ರೀತಿಗೆ ಕೊಯ್ಯೋದೇ ಇಲ್ಲ, ಇಲ್ಲಾಂದ್ರೆ ಬುಡದಿಂದ ಒಂದೊಂದೇ ದೊಡ್ಡ ಎಲೆ ಕಿತ್ಕೋತಾರೆ. ಎರಡೂ ತಪ್ಪು. ಕೆಳಗಿನ ಎಲೆ ಕೀಳ್ತಾ ಬಂದ್ರೆ ಕಡ್ಡಿ ಉದ್ದ ಆಗತ್ತೆ, ಕೆಳಗೆ ಬೋಳು, ಮೇಲೆ ನಾಲ್ಕು ಎಲೆ, ಕೊನೆಗೆ ಭಾರಕ್ಕೆ ಅಡ್ಡ ಬೀಳತ್ತೆ. ಕತ್ತರಿ ತಗೊಂಡು ಕಡ್ಡಿನೇ ಕತ್ತರಿಸ್ಬೇಕು. ಒಂದು ಕಡ್ಡಿ ಹಿಡಿದು ಹತ್ರದಿಂದ ನೋಡಿ, ಪ್ರತಿ ಜೋಡಿ ಎಲೆಯ ಕಂಕುಳಲ್ಲಿ ಎಳ್ಳಿನಷ್ಟು ದೊಡ್ಡ ಎರಡು ಮೊಗ್ಗು ಕೂತಿರ್ತವೆ, ಎಳೆಹಸಿರು. ತುದಿ ಇರೋವರೆಗೂ ಅವು ನಿದ್ದೆಯಲ್ಲಿರ್ತವೆ. ತುದಿ ಕತ್ತರಿಸಿದ ಮೂರು ನಾಲ್ಕು ದಿನಕ್ಕೆ ಕಣ್ಣು ಬಿಡ್ತವೆ, ಒಂದು ಕಡ್ಡಿ ಇದ್ದ ಕಡೆ ಎರಡು ಬರತ್ತೆ. ಆದ್ದರಿಂದ ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ, ಕೆಳಗೆ ಮಣ್ಣಿಂದ ಎರಡು ಮೂರು ಗೆಣ್ಣು ಬಿಡಿ.

ನೆಟ್ಟು ಆರರಿಂದ ಎಂಟು ವಾರಕ್ಕೆ ಮೊದಲ ಕೊಯ್ಲು, ಅದಕ್ಕೂ ಮೊದ್ಲು ಗಿಡ ಐದು ಇಂಚು ಆದಾಗ ತುದಿ ಮಾತ್ರ ಚಿವುಟಿ. ಆಮೇಲೆ ಟಬ್ಬನ್ನ ಮನಸ್ಸಲ್ಲೇ ಮೂರು ಭಾಗ ಮಾಡ್ಕೊಂಡು ವಾರಕ್ಕೊಂದು ಭಾಗ ಕೊಯ್ತಾ ಬನ್ನಿ, ಮೂರನೇ ಭಾಗ ಮುಗಿಯೋ ಹೊತ್ತಿಗೆ ಮೊದಲನೇದು ಮತ್ತೆ ಚಿಗುರಿರತ್ತೆ. ಚಳಿಗಾಲದಲ್ಲಿ ಸ್ವಲ್ಪ ನಿಧಾನ, ಆಗ ಕಾಯಿರಿ. ಹೂವಿನ ತೆನೆ ಕಂಡ್ರೆ ಹೂ ಬಿಡೋಕೆ ಮುಂಚೆನೇ ಕತ್ತರಿಸಿ, ಹೂ ಬಂದ ಗಿಡದ ಎಲೆ ಒರಟು, ರುಚಿನೂ ಕಮ್ಮಿ. ಕೊಯ್ಲಿಗೆ ಬೆಳಗಿನ ಹೊತ್ತು ಒಳ್ಳೇದು, ಬಿಸಿಲು ಏರೋಕೆ ಮುಂಚೆ, ಇಬ್ಬನಿ ಆರಿದ್ಮೇಲೆ. ಪ್ರತಿ ದೊಡ್ಡ ಕೊಯ್ಲು ಆದ್ಮೇಲೆ ಒಂದು ಹಿಡಿ ಎರೆಗೊಬ್ಬರ ಮೇಲೆ ಉದುರಿಸಿ ನೀರು ಕೊಡಿ, ಬಾಯಿ ಹತ್ರ ಜಾಗ ಬಿಡಿ ಅಂದಿದ್ದು ಇದಕ್ಕೇ.

ವರ್ಷಕ್ಕೊಂದ್ಸಲ ಬೇರು ಬಿಡಿಸೋದು

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ. ಹತ್ತು ಹನ್ನೆರಡು ತಿಂಗಳಾದ್ಮೇಲೆ ಒಂದು ದಿನ ನೋಡ್ತೀರಿ, ಕುಂಡದ ಅಂಚಲ್ಲಿ ಮಾತ್ರ ಹಸಿರು, ಮಧ್ಯ ಬೋಳು. ಎಲೆ ಕರಿಬೇವಿನ ಎಲೆಗಿಂತ ಚಿಕ್ಕದಾಗಿರತ್ತೆ, ನೀರು ಹಾಕಿದ್ರೆ ಮಣ್ಣು ಹೀರದೆ ಅಂಚಿಂದ ಜಾರಿ ಕೆಳಗೆ ಹೋಗತ್ತೆ. ಗೊಬ್ಬರ ಹಾಕಿದ್ರೂ ಅಷ್ಟೇ, ಟಾನಿಕ್ ಹಾಕಿದ್ರೂ ಅಷ್ಟೇ. ಇಲ್ಲೇ ಹೆಚ್ಚಿನವ್ರು ಪುದೀನ ಸತ್ತೋಯ್ತು ಅಂತ ಕಿತ್ತು ಎಸೆಯೋದು. ನಾನೂ ಎರಡು ಸಲ ಹಾಗೇ ಎಸೆದಿದ್ದೆ. ಮೂರನೇ ಸಲ ಎಸೆಯೋಕೆ ಅಂತ ಟಬ್ ಬೋರಲು ಹಾಕಿದಾಗ ಮಣ್ಣು ಟಬ್ಬಿನ ಆಕಾರದಲ್ಲೇ ಇಡೀ ಮುದ್ದೆಯಾಗಿ ಬಂತು. ಸುತ್ತ ನೋಡಿದ್ರೆ ಬಿಳೀ ಬಳ್ಳಿಗಳು, ನೂಲಿನ ಉಂಡೆ ಸುತ್ತಿದ ಹಾಗೆ ಟಬ್ಬಿನ ಗೋಡೆ ಗುಂಟ ಸುತ್ತು ಮೇಲೆ ಸುತ್ತು ಹಾಕಿದ್ವು. ಒಂದನ್ನ ಬಿಡಿಸಿ ಎಳೆದ್ರೆ ಎರಡಡಿ ಉದ್ದ ಬಂತು, ಪ್ರತಿ ಇಂಚಿಗೊಂದು ಗೆಣ್ಣು, ಪ್ರತಿ ಗೆಣ್ಣಲ್ಲಿ ನಸುಗೆಂಪು ಮೊಳಕೆ ತುದಿ. ಆಚೆ ಹೋಗೋಕೆ ದಾರಿ ಹುಡುಕ್ತಾ ಗೋಡೆ ಸುತ್ತ ತಿರುಗ್ತಾ ಇತ್ತು ಪಾಪ, ಸತ್ತಿರ್ಲಿಲ್ಲ. ನಂಗೆ ಅವತ್ತು ನಿಜವಾಗ್ಲೂ ಬೇಜಾರಾಯ್ತು, ಹಿಂದಿನ ಎರಡು ಸಲ ಜೀವ ಇರೋದನ್ನೇ ಎಸೆದಿದ್ನಲ್ಲ ಅಂತ.

ಹೀಗ್ಮಾಡಿ. ಮುಂಗಾರು ಶುರುವಾಗೋ ಹೊತ್ತಿಗೆ, ಅಂದ್ರೆ ಮೇ ಕೊನೆ ಜೂನ್ ಮೊದಲಲ್ಲಿ, ಕರಾವಳಿಯವ್ರಾದ್ರೆ ಮಳೆ ಇಳಿದ ಮೇಲೆ ಅಕ್ಟೋಬರಲ್ಲಿ, ಮೊದ್ಲು ಗಿಡದ ಮೇಲಿನ ಭಾಗ ಎಲ್ಲ ಎರಡು ಇಂಚಿಗೆ ಕತ್ತರಿಸ್ಕೊಳ್ಳಿ. ಹಿಂದಿನ ದಿನ ನೀರು ಹಾಕಿರಿ, ಮುದ್ದೆ ಸುಲಭವಾಗಿ ಜಾರತ್ತೆ. ಟಬ್ ಬೋರಲು ಹಾಕಿ, ಮುದ್ದೆಯನ್ನ ಕೈಯಲ್ಲೇ ಬಿಡಿಸಿ, ಗಟ್ಟಿ ಇದ್ರೆ ಹಳೇ ಚಾಕು ತಗೊಂಡು ನಾಲ್ಕು ಹೋಳು ಮಾಡಿ. ಮಧ್ಯದ ಕಂದು ಬಣ್ಣದ, ಒಣಕಲು ಕಟ್ಟಿಗೆಯಂಥ ಬೇರು ಬೇಡ. ಹೊರಗಿನ ಬಿಳೀ ಬಳ್ಳಿ ಆರಿಸ್ಕೊಳ್ಳಿ, ಬೆರಳಲ್ಲಿ ಒತ್ತಿದ್ರೆ ಗಟ್ಟಿಯಾಗಿ ರಸ ತುಂಬಿದ ಹಾಗಿರ್ಬೇಕು. ಮೂರು ನಾಲ್ಕು ಇಂಚಿನ ತುಂಡು ಮಾಡಿ, ಒಂದೊಂದರಲ್ಲೂ ಎರಡು ಮೂರು ಗೆಣ್ಣು ಇರಲಿ.

ಟಬ್ಬಿಗೆ ಹೊಸ ಮಣ್ಣಿನ ಮಿಶ್ರಣ ತುಂಬಿ. ಹಳೆ ಮಣ್ಣು ಅರ್ಧ ಸೇರಿಸ್ಬಹುದು, ಆದ್ರೆ ಗಿಡಕ್ಕೆ ರೋಗ ಇದ್ರೆ ಆ ಮಣ್ಣು ಬೇಡ. ತುಂಡುಗಳನ್ನ ಚುಚ್ಚೋದಲ್ಲ, ಅಡ್ಡಡ್ಡ ಮಲಗಿಸ್ಬೇಕು, ತುಂಡಿಂದ ತುಂಡಿಗೆ ಮೂರು ಬೆರಳು ಬಿಟ್ಟು, ಮೇಲೆ ಒಂದು ಇಂಚು ಮಣ್ಣು. ನೀರು ಚಿಮುಕಿಸಿ ನೆರಳಲ್ಲಿಡಿ. ಹತ್ತು ದಿನದಿಂದ ಎರಡು ವಾರದೊಳಗೆ ಮಣ್ಣೆಲ್ಲ ಚುಕ್ಕಿ ಚುಕ್ಕಿಯಾಗಿ ಹಸಿರು ಏಳತ್ತೆ, ಒಂದೂವರೆ ತಿಂಗಳಿಗೆ ಟಬ್ ತುಂಬತ್ತೆ. ಒಂದು ಟಬ್ಬಿನ ಬಳ್ಳಿ ನಾಲ್ಕೈದು ಟಬ್ಬಿಗೆ ಆಗತ್ತೆ, ಮಿಕ್ಕಿದ್ದು ಅಕ್ಕಪಕ್ಕದವ್ರಿಗೆ ಕೊಡಿ, ಒದ್ದೆ ಪೇಪರಲ್ಲಿ ಸುತ್ತಿದ್ರೆ ಎರಡು ಮೂರು ದಿನ ಏನೂ ಆಗಲ್ಲ, ಬಸ್ಸಲ್ಲಿ ಊರಿಗೂ ಒಯ್ಯಬಹುದು. ನನ್ನ ಟಬ್ಬಿನ ಪುದೀನ ಹೀಗೆ ಬಿಡಿಸಿ ಬಿಡಿಸಿ ಏಳು ವರ್ಷ ಆಯ್ತು.

ರೋಗ, ಹುಳ

ಬೇಸಿಗೇಲಿ ಎಲೆ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಹಳದಿ ಚುಕ್ಕೆ ಕಂಡ್ರೆ ಎಲೆ ತಿರುಗಿಸಿ ನೋಡಿ, ಸಣ್ಣ ಬಲೆ, ಅದರಲ್ಲಿ ಓಡಾಡೋ ಧೂಳಿನಂಥ ಚುಕ್ಕೆ ಇದ್ರೆ ಅದು ಕೆಂಪು ನುಸಿ. ಒಣ ಬಿಸಿ ಗಾಳಿ ಅದಕ್ಕೆ ಇಷ್ಟ. ಪೈಪಲ್ಲಿ ಎಲೆ ಅಡಿಭಾಗಕ್ಕೆ ಜೋರಾಗಿ ನೀರು ಹೊಡೀರಿ, ಒಂದು ವಾರ ದಿನಾ ಬೆಳಿಗ್ಗೆ, ಹೆಚ್ಚಿನ ಸಲ ಇಷ್ಟಕ್ಕೇ ಹತೋಟಿಗೆ ಬರತ್ತೆ. ಬರ್ದಿದ್ರೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಕಿ ಸಂಜೆ ಸಿಂಪಡಿಸಿ. ಸಿಂಪಡಿಸೋಕೆ ಮೊದ್ಲು ತಿನ್ನೋ ಅಷ್ಟು ಕೊಯ್ದಿಟ್ಕೊಳ್ಳಿ, ಆಮೇಲೆ ವಾರ ಹತ್ತು ದಿನ ಆ ಸೊಪ್ಪು ಮುಟ್ಟಬೇಡಿ, ತೊಳೆದ್ರೂ ಚಟ್ನೀಲಿ ಕಹಿ ಗೊತ್ತಾಗತ್ತೆ.

ಎಲೆ ಅಡಿ ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಅಂಟ್ತಾ ಇದೆ ಅಂದ್ರೆ ತುಕ್ಕು ರೋಗ. ಇದಕ್ಕೆ ಕನಿಕರ ತೋರಿಸ್ಬೇಡಿ, ಮಣ್ಣಿನ ಮಟ್ಟಕ್ಕೆ ಇಡೀ ಗಿಡ ಕತ್ತರಿಸಿ, ಉದುರಿದ ಎಲೆನೂ ಆರಿಸಿ ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಹೊಸ ಚಿಗುರು ಬಂದಾಗ ಗಾಳಿ ಆಡೋ ಜಾಗಕ್ಕೆ ಕುಂಡ ಬದಲಾಯಿಸಿ. ಎಲೇಲಿ ತೂತು, ಕೆಳಗೆ ಕರೀ ಹಿಕ್ಕೆ ಕಂಡ್ರೆ ಹಸಿರು ಹುಳ ಎಲ್ಲೋ ಕಡ್ಡಿಗೆ ಅಂಟ್ಕೊಂಡು ಕೂತಿದೆ, ಹುಡುಕಿ ಕೈಯಲ್ಲೇ ತೆಗೀರಿ. ಕಡ್ಡಿ ಉದ್ದ ಉದ್ದ, ಗೆಣ್ಣು ದೂರ ದೂರ ಇದ್ರೆ ಅದು ರೋಗ ಅಲ್ಲ, ಬೆಳಕು ಸಾಲ್ತಿಲ್ಲ ಅಷ್ಟೇ.

ಅಡುಗೆಗೆ

ಚಟ್ನಿ ಕಪ್ಪಾಗತ್ತೆ, ಕಹಿಯಾಗತ್ತೆ ಅನ್ನೋದು ಸಾಮಾನ್ಯ ದೂರು. ಕಾರಣ ಎರಡು, ಬಾಣಲೆಯಲ್ಲಿ ಜಾಸ್ತಿ ಹುರಿಯೋದು, ಮಿಕ್ಸಿಯಲ್ಲಿ ಜಾಸ್ತಿ ಹೊತ್ತು ತಿರುಗಿಸೋದು. ಅನ್ನಕ್ಕೆ ದೋಸೆಗೆ ಆಗೋ ಚಟ್ನಿಗೆ ನಾನು ಎರಡು ಚಮಚ ಉದ್ದಿನಬೇಳೆ, ನಾಲ್ಕು ಹಸಿಮೆಣಸಿನಕಾಯಿ, ಸ್ವಲ್ಪ ಇಂಗು ಎಣ್ಣೇಲಿ ಹುರಿದು, ಒಲೆ ಆರಿಸಿ, ಆ ಬಿಸಿಗೇ ಎರಡು ಹಿಡಿ ಪುದೀನ ಹಾಕಿ ಬಾಡಿಸ್ತೀನಿ. ಆರಿದ್ಮೇಲೆ ಅರ್ಧ ಹೋಳು ಕಾಯಿತುರಿ, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು, ಚೂರು ಬೆಲ್ಲ. ಮೊದ್ಲು ಕಾಯಿ ಬೇಳೆ ರುಬ್ಬಿ, ಕೊನೇಲಿ ಪುದೀನ ಹಾಕಿ ಎರಡು ಸುತ್ತು ತಿರುಗಿಸಿದ್ರೆ ಮುಗೀತು. ಚಾಟ್ ಥರದ ಹಸಿ ಚಟ್ನಿಗೆ ಪುದೀನ ಒಂದು ಪಾಲು ಇದ್ರೆ ಕೊತ್ತಂಬರಿ ಎರಡು ಪಾಲು, ಫ್ರಿಜ್ಜಿನ ತಣ್ಣೀರು, ನಿಂಬೆರಸ. ಬರೀ ಪುದೀನ ಹಸಿಯಾಗಿ ಅರೆದ್ರೆ ನಾಲಿಗೆಗೆ ಒಗರು.

ಬೇಸಿಗೇಲಿ ನಮ್ಮನೇಲಿ ತಂಬುಳಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಮೆಣಸಿನಕಾಳು ಹುರಿದು, ಒಂದು ಹಿಡಿ ಪುದೀನ ಬಾಡಿಸಿ, ಎರಡು ಚಮಚ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸಿ, ಸಾಸಿವೆ ಒಣಮೆಣಸಿನ ಒಗ್ಗರಣೆ. ಕುದಿಸೋ ಹಾಗಿಲ್ಲ. ಪಲಾವಿಗೆ ಎರಡು ಲೋಟ ಅಕ್ಕಿಗೆ ಎರಡು ಹಿಡಿ ಪುದೀನ, ಒಂದು ಹಿಡಿ ಕೊತ್ತಂಬರಿ, ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ, ಚಕ್ಕೆ ಲವಂಗ ಸೇರಿಸಿ ರುಬ್ಬಿದ ಮಸಾಲೆ. ಬೆಂಗಳೂರಿನ ದೊನ್ನೆ ಬಿರಿಯಾನಿ ಹಸಿರಾಗಿರೋದೂ ಈ ಪುದೀನ ಕೊತ್ತಂಬರಿಯಿಂದ್ಲೇ, ಅಲ್ಲಿ ಅಕ್ಕಿ ಮಾತ್ರ ಸಣ್ಣ ಜೀರಾ ಸಾಂಬಾ. ರುಬ್ಬಿದ್ದರ ಜೊತೆಗೆ ಒಂದಷ್ಟು ಎಲೆ ಇಡಿಯಾಗಿ ತೆಗೆದಿಟ್ಟು ದಮ್ಮಿಗೆ ಹಾಕೋ ಮುಂಚೆ ಮೇಲೆ ಹರಡಿ. ರುಬ್ಬಿದ್ದು ರುಚಿ ಕೊಡತ್ತೆ, ಮೇಲೆ ಹಾಕಿದ್ದು ಘಮ ಕೊಡತ್ತೆ.

ಟೀಗೆ ಹತ್ತು ಹನ್ನೆರಡು ಎಲೆ ಅಂಗೈಯಲ್ಲಿ ತಟ್ಟಿ ಲೋಟಕ್ಕೆ ಹಾಕಿ, ಕುದಿ ಬಂದ ನೀರು ಹೊಯ್ದು, ತಟ್ಟೆ ಮುಚ್ಚಿ ಐದು ನಿಮಿಷ. ಮುಚ್ಚದಿದ್ರೆ ಪರಿಮಳ ಎಲ್ಲ ಆವಿ ಜೊತೆ ಹೋಗತ್ತೆ. ಮೊರಾಕ್ಕೊದಲ್ಲಿ ಇದೇ ಸ್ಪಿಯರ್‌ಮಿಂಟನ್ನ ಉಂಡೆ ಉಂಡೆಯಾಗಿರೋ ಗ್ರೀನ್ ಟೀ, ಧಾರಾಳ ಸಕ್ಕರೆ ಜೊತೆ ಕುದಿಸಿ, ಎತ್ತರದಿಂದ ಸಣ್ಣ ಗಾಜಿನ ಲೋಟಕ್ಕೆ ಹೊಯ್ದು ಮನೆಗೆ ಬಂದವ್ರಿಗೆ ಕೊಡ್ತಾರೆ. ಊಟ ಆದ್ಮೇಲೆ ಹೊಟ್ಟೆ ಭಾರ ಅನ್ನಿಸಿದಾಗ ಒಂದು ಲೋಟ ಹಿತ. ಆದ್ರೆ ಹುಳಿತೇಗು, ಎದೆಯುರಿ ಇರೋರಿಗೆ ಕೆಲವ್ರಿಗೆ ಪುದೀನದಿಂದ ಉರಿ ಜಾಸ್ತಿನೇ ಆಗತ್ತೆ, ಹಾಗಾದ್ರೆ ಬಿಟ್ಬಿಡಿ. ಪಿಸಿಓಎಸ್ (ಪುರುಷ ಹಾರ್ಮೋನ್ ಜಾಸ್ತಿಯಾಗಿ ಮುಟ್ಟು ಏರುಪೇರಾಗೋ ತೊಂದ್ರೆ) ಇರೋ ಹೆಣ್ಣುಮಕ್ಕಳು ಮೊಬೈಲಲ್ಲಿ ನೋಡಿ ಸ್ಪಿಯರ್‌ಮಿಂಟ್ ಟೀ ಕುಡಿಯೋಕೆ ಶುರು ಮಾಡ್ತಾರೆ. ಟರ್ಕಿಯಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಂದು ಆಧಾರ, ಮುಖದಲ್ಲಿ ಮೈಯಲ್ಲಿ ಕೂದಲು ಜಾಸ್ತಿ ಬರೋ 21 ಹೆಂಗಸರಿಗೆ ದಿನಕ್ಕೆರಡು ಕಪ್ಪಿನಂತೆ ಐದು ದಿನ ಕೊಟ್ಟು ರಕ್ತಪರೀಕ್ಷೆ ಮಾಡಿದ್ರು, ಪುರುಷ ಹಾರ್ಮೋನಿನ ಮಟ್ಟ ಸ್ವಲ್ಪ ಇಳಿದಿತ್ತು. ಅಷ್ಟು ಚಿಕ್ಕ ಅಧ್ಯಯನ ನಂಬ್ಕೊಂಡು ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸೋದು ಖಂಡಿತ ಬೇಡ, ಬಸುರಿಯರೂ ದಿನಾ ಕಪ್ಪುಗಟ್ಲೆ ಕುಡಿಯೋಕೆ ಮುಂಚೆ ಡಾಕ್ಟರನ್ನ ಕೇಳಿ. ಅಡುಗೇಲಿ ಹಾಕೋ ಪ್ರಮಾಣದ ಬಗ್ಗೆ ಚಿಂತೆ ಬೇಡ.

ಕೊಯ್ದಿದ್ದು ಜಾಸ್ತಿಯಾದ್ರೆ ತೊಳೆಯದೆ ಒದ್ದೆ ಹತ್ತಿ ಬಟ್ಟೇಲಿ ಸುತ್ತಿ ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿಡಿ, ವಾರ ಬರತ್ತೆ. ಅದಕ್ಕೂ ಜಾಸ್ತಿ ಇದ್ರೆ ಒಣಗಿಸಿ. ಬಿಸಿಲಿಗೆ ಹಾಕಿದ್ರೆ ಬಣ್ಣನೂ ಹೋಗತ್ತೆ ವಾಸನೆನೂ ಹೋಗತ್ತೆ, ತೊಳೆದು ನೀರು ಆರಿಸಿ, ಹಳೇ ಪಂಚೆ ಮೇಲೆ ಹರಡಿ ಫ್ಯಾನಿನ ಕೆಳಗೆ ನೆರಳಲ್ಲಿ ನಾಲ್ಕೈದು ದಿನ ಬಿಡಿ. ಕೈಯಲ್ಲಿ ಹಿಡಿದ್ರೆ ಗರಿಗರಿ ಅಂತ ಪುಡಿಯಾಗ್ಬೇಕು, ಸ್ವಲ್ಪ ಮೆತ್ತಗಿದ್ರೂ ಡಬ್ಬೀಲಿ ಬೂಸ್ಟು ಹಿಡಿಯತ್ತೆ. ಎಲೆ ಇಡಿಯಾಗೇ ಗಾಜಿನ ಬಾಟ್ಲಿಗೆ ತುಂಬಿ, ಬೇಕಾದಾಗ ಮಾತ್ರ ಪುಡಿ ಮಾಡಿ. ನೀರು ಮಜ್ಜಿಗೆಗೆ ಈ ಪುಡಿ ಎರಡು ಚಿಟಿಕೆ, ಹುರಿದ ಜೀರಿಗೆ ಪುಡಿ ಒಂದು ಚಿಟಿಕೆ, ಉಪ್ಪು ಹಾಕಿ ಕಡೆದು ಕೊಡಿ.